ಕೊಡಗಿನ ಶಾಂತಳ್ಳಿಯ ಮಳೆಯಲ್ಲಿ ಸೋಲಾರ್, ಬ್ಯಾಟರಿ, ತೊರೆಯ ಟರ್ಬೈನ್: ಹದಿನಾಲ್ಕು ತಿಂಗಳ ಅನುಭವ

ಏನೇನು ಕೊಂಡೆವು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಫೋನ್ ಮಾಡಿ ವಿಚಾರಿಸುವವರೆಲ್ಲ ಮೊದಲು ಕೇಳುವುದು ಅದನ್ನೇ. 540 ವ್ಯಾಟ್‌ನ ಆರು ಪ್ಯಾನೆಲ್, ಒಟ್ಟು 3.24 ಕಿಲೋವ್ಯಾಟ್. 5 ಕಿಲೋವ್ಯಾಟ್‌ನ ಹೈಬ್ರಿಡ್ ಇನ್ವರ್ಟರ್. 5.12 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಒಂದು. 2024ರ ನವೆಂಬರ್‌ನಲ್ಲಿ ಹಾಕಿಸಿದ್ದು, ಕೆಲಸದ ಕೂಲಿ, ಅರ್ಥಿಂಗ್, ಕೇಬಲ್ ಎಲ್ಲ ಸೇರಿ 3,62,000 ರೂಪಾಯಿ. ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಆಮೇಲೆ ಬ್ಯಾಂಕಿಗೆ ಬಂತು. ಅದು ಪ್ಯಾನೆಲ್ಲಿನ ಲೆಕ್ಕಕ್ಕೆ ಮಾತ್ರ, ಬ್ಯಾಟರಿಗೆ ಇಲ್ಲ. ಇದು ಸಾಲದು ಎಂದು ಗೊತ್ತಾದ ಮೇಲೆ 2025ರ ಜೂನ್‌ನಲ್ಲಿ ಮನೆ ಹಿಂದಿನ ತೊರೆಗೆ ಒಂದು ಪುಟ್ಟ ಟರ್ಬೈನ್ ಕೂರಿಸಿದೆವು. ಪೈಪೂ ಸೇರಿ 1,14,000. ಕಂಪನಿಗಳ ಹೆಸರು ಬರೆಯುತ್ತಿಲ್ಲ. ಒಂದೇ ಮಾಲು ಹತ್ತು ಹೆಸರಿನಲ್ಲಿ ಬರುತ್ತದೆ. ಹೆಸರಿಗಿಂತ ಯಾವ ಬಗೆಯದು ಕೊಳ್ಳುತ್ತೀರಿ ಅನ್ನುವುದು ಮುಖ್ಯ.

ನಾನು 31 ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಹೋದ ತಿಂಗಳು ಹಳೇ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಬಂದಿದ್ದ. ಗೋಡೌನಿನ ಮೇಲಿನ ಪ್ಯಾನೆಲ್ ನೋಡಿ ಖುಷಿಪಟ್ಟು, "ಟೀಚರ್, ಹೀಗೆ ಎಲ್ಲರೂ ಹಾಕಿಸಿಕೊಂಡರೆ ಕೈಗಾ ಮುಚ್ಚಿಬಿಡಬಹುದಲ್ವಾ?" ಎಂದು ಕೇಳಿದ. ನನ್ನ ತಮ್ಮ ಆ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲೇ ದುಡಿದು ನಿವೃತ್ತನಾದವನು. ಅವನ ಪ್ರಶ್ನೆ ಇದಕ್ಕೆ ತಿರುಗುಮುರುಗು: "ಅಕ್ಕಾ, ಕೈಗಾ ಇರುವಾಗ ಇಷ್ಟು ದುಡ್ಡು ಯಾಕೆ ಸುರಿದೆ?" ಇಬ್ಬರಿಗೂ ಆ ಹೊತ್ತಿಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಈ ವಿಮರ್ಶೆ ಅವರಿಬ್ಬರಿಗೂ.

ದುಡ್ಡು ಯಾಕೆ ಸುರಿದೆ ಅನ್ನುವುದಕ್ಕೆ 2024ರ ಜುಲೈಗೆ ಹೋಗಬೇಕು. ಶಾಂತಳ್ಳಿ ಕಡೆಯ ಮಳೆ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಪುಷ್ಯ ಮಳೆ ಹಿಡಿದರೆ ಎದುರುಗುಡ್ಡ ಎಂಟು ದಿನ ಕಾಣುವುದಿಲ್ಲ. ಅತ್ತೆಗೆ ಆಗ 84 ವರ್ಷ. ಶ್ವಾಸಕೋಶದ ತೊಂದರೆಯಿಂದ ಎರಡು ವರ್ಷದಿಂದ ಆಮ್ಲಜನಕದ ಯಂತ್ರದ ಮೇಲೇ ಇದ್ದಾರೆ. ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ ಯಂತ್ರ ಅದು, 300 ವ್ಯಾಟ್ ಬೇಕು, ರಾತ್ರಿ ಹಗಲು ಓಡಬೇಕು. ಒಂದು ಗುರುವಾರ ಸಂಜೆ ಗಾಳಿಗೆ ನಮ್ಮ ಕೆಳಗಿನ ಹಳ್ಳದ ಬಳಿ ಮೂರು ಕಂಬ ಮಲಗಿದವು, ಅವುಗಳ ಮೇಲೆ ಎರಡು ಸಿಲ್ವರ್ ಓಕ್. ಮನೆಯಲ್ಲಿದ್ದ ಹಳೇ ಇನ್ವರ್ಟರ್ ಆ ಯಂತ್ರವನ್ನು ನಾಲ್ಕು ಗಂಟೆ ಎಳೆದು ಕೂಗತೊಡಗಿತು. ಇದ್ದ ಸಣ್ಣ ಸಿಲಿಂಡರ್ ಬೆಳಗಿನವರೆಗೆ ಬರುತ್ತದೋ ಇಲ್ಲವೋ. ರಾತ್ರಿ ಹನ್ನೊಂದೂವರೆಗೆ ಜೀಪಿನಲ್ಲಿ ಅತ್ತೆಯನ್ನು ಮಲಗಿಸಿ, ಸಿಲಿಂಡರನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಸೋಮವಾರಪೇಟೆಗೆ ಇಳಿದೆವು. ದಾರಿಯಲ್ಲಿ ಎರಡು ಕಡೆ ಯಜಮಾನರು ಕತ್ತಿ ಹಿಡಿದು ಇಳಿದು ಕೊಂಬೆ ಕಡಿದು ದಾರಿ ಬಿಡಿಸಿದರು. ಅತ್ತೆ ಒಂದು ಮಾತೂ ಆಡಲಿಲ್ಲ, ನನ್ನ ಕೈಬೆರಳು ಹಿಡಿದುಕೊಂಡಿದ್ದರು. ಆ ಹಿಡಿತ ನನಗೆ ಇವತ್ತಿಗೂ ನೆನಪಿದೆ.

ಐದು ರಾತ್ರಿ ಪೇಟೆಯಲ್ಲಿ ನೆಂಟರ ಮನೆಯಲ್ಲಿದ್ದೆವು. ಆರನೇ ದಿನ ಕರೆಂಟು ಬಂತು. ಬರುವ ಹಿಂದಿನ ದಿನ ನಾನು ಮನೆ ನೋಡಲು ಬಂದಾಗ ಲೈನ್‌ಮ್ಯಾನ್‌ಗಳು ಕೆಲಸ ಮಾಡುತ್ತಿದ್ದರು. ಸೊಂಟಕ್ಕೆ ಹಗ್ಗ, ಮೈತುಂಬ ಕೆಸರು, ಕಾಲಿಗೆ ಹತ್ತಿದ ಜಿಗಣೆ ಕೀಳಲೂ ಪುರಸೊತ್ತಿಲ್ಲ. ಜಗಲಿಯಲ್ಲಿ ಕೂರಿಸಿ ಅಕ್ಕಿ ರೊಟ್ಟಿ, ಕಳಲೆ ಪಲ್ಯ ಕೊಟ್ಟೆ. ಅವರಲ್ಲಿ ಹಿರಿಯನೊಬ್ಬ ಹೇಳಿದ: "ಅಮ್ಮಾ, ಮೇನ್ ಲೈನಲ್ಲಿ ಕರೆಂಟಿಗೆ ಏನೂ ಕಮ್ಮಿ ಇಲ್ಲ. ನಿಮ್ಮನೆಗೆ ಬರೋಕೆ ಅದಕ್ಕೆ ದಾರಿ ಇಲ್ಲ, ಅಷ್ಟೇ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಮ್ಮ ಕೊಡಗಿನ ಕತ್ತಲೆ ವಿದ್ಯುತ್ ಕಡಿಮೆಯಾಗಿ ಬರುವ ಕತ್ತಲೆಯಲ್ಲ. ತಂತಿಯ ಮೇಲೆ ಮರ ಬಿದ್ದು ಬರುವುದು. ಕೈಗಾದಲ್ಲಿ ನಾಲ್ಕೂ ಘಟಕ ಉರಿಯುತ್ತಿದ್ದರೂ ಅಷ್ಟೇ, ಪಾವಗಡದ ಸೋಲಾರ್ ಪಾರ್ಕಿನಲ್ಲಿ ಬಿಸಿಲು ಸುಡುತ್ತಿದ್ದರೂ ಅಷ್ಟೇ, ಹಳ್ಳದ ಬಳಿ ಕಂಬ ಮಲಗಿದರೆ ನಮ್ಮನೆಯ ದೀಪ ಆರುತ್ತದೆ. ಹಾಗಾಗಿ ನಾನು ಪ್ಯಾನೆಲ್ ಹಾಕಿಸಿದ್ದು ಕೈಗಾಗೆ ಬದಲಿಯಾಗಿ ಅಲ್ಲ, ಆ ಮೂರು ಕಂಬಗಳಿಗೆ ಬದಲಿಯಾಗಿ. ಬಿಲ್ಲು ಉಳಿಸಲಿಕ್ಕೂ ಅಲ್ಲ.

ಇಲ್ಲೇ ಬಹಳ ಜನ ಎಡವುತ್ತಾರೆ. ನಮ್ಮ ನೆರೆಯ ಮನೆಯವರು ನಮಗಿಂತ ಮೊದಲೇ ಸೋಲಾರ್ ಹಾಕಿಸಿದ್ದರು, ನಮ್ಮದರ ಅರ್ಧದಷ್ಟು ದುಡ್ಡಿಗೆ. ಅದು ಆನ್‌ಗ್ರಿಡ್, ಅಂದರೆ ಬ್ಯಾಟರಿಯಿಲ್ಲದೆ ನೇರ ಲೈನಿಗೆ ಜೋಡಿಸಿದ್ದು. ಕರೆಂಟು ಹೋದ ಕೂಡಲೇ ಅದೂ ನಿಲ್ಲುತ್ತದೆ, ಮೇಲೆ ಎಷ್ಟೇ ಬಿಸಿಲಿರಲಿ. ಅದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿರುವುದು. ತಂತಿ ರಿಪೇರಿ ಮಾಡುವವನು ಲೈನ್ ಸತ್ತಿದೆ ಎಂದುಕೊಂಡು ಕೈಹಾಕಿದಾಗ ನಮ್ಮ ಮಾಡಿನಿಂದ ಕರೆಂಟು ಹಿಂದಕ್ಕೆ ಹರಿದರೆ ಅವನ ಜೀವ ಹೋಗುತ್ತದೆ. ಆದರೆ ಮಾರಿದ ಅಂಗಡಿಯವರು ಈ ಒಂದು ವಿಷಯವನ್ನು ಅವರಿಗೆ ಹೇಳಿರಲಿಲ್ಲ. ಅದನ್ನು ಮಾತ್ರ ನಾನು ಒಪ್ಪಲಾರೆ. ಮಳೆನಾಡಿನವರಿಗೆ ಆನ್‌ಗ್ರಿಡ್ ಮಾರುವಾಗ ಇದನ್ನು ಮೊದಲ ಮಾತಾಗಿ ಹೇಳಬೇಕು. ಕರೆಂಟು ಹೋದಾಗಲೂ ದೀಪ ಬೇಕು ಅನ್ನುವವರು ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಎರಡನ್ನೂ ಕೇಳಿ ತೆಗೆದುಕೊಳ್ಳಿ. ಲೈನ್ ಸತ್ತಾಗ ಅದು ಹೊರಗಿನ ತಂತಿಯಿಂದ ತನ್ನನ್ನು ಕಳಚಿಕೊಂಡು ಮನೆಯೊಳಗೆ ಮಾತ್ರ ಕೊಡುತ್ತದೆ.

ನಮಗೆ ಹಾಕಿಕೊಟ್ಟದ್ದು ಕುಶಾಲನಗರದ ಒಂದು ಅಂಗಡಿ. ಕೆಲಸ ಚೆನ್ನಾಗಿ ಮಾಡಿದರು. ಮನೆ ಹೆಂಚಿನದು, ಅದರ ಮೇಲೆ ಬೇಡ ಎಂದು ಅವರೇ ಹೇಳಿ ಕಾಫಿ ಗೋಡೌನಿನ ಶೀಟಿನ ಮಾಡಿನ ಮೇಲೆ ಜಿಐ ಚೌಕಟ್ಟು ನಿಲ್ಲಿಸಿದರು. ಅಲ್ಲಿಂದ ಮನೆಗೆ 40 ಮೀಟರ್ ಕೇಬಲ್, ನೆಲದಡಿ. ಹಾಕಲು ಬಂದ ಹುಡುಗರು ನೆರಳು ಬೀಳುತ್ತದೆಂದು ಕಣದ ಪಕ್ಕದ ಹಲಸಿನ ಮರ ತೆಗೆಸಿ ಅಂದರು. ನನಗೆ ಮನಸ್ಸು ಬರಲಿಲ್ಲ. ಮರಗಸಿ ಮಾಡುವವನನ್ನು ಕರೆಸಿ ದಕ್ಷಿಣದ ಎರಡು ಕೊಂಬೆ ಮಾತ್ರ ಇಳಿಸಿದೆವು. ಸಂಜೆ ಮೂರೂವರೆಯ ನಂತರ ಎರಡು ಪ್ಯಾನೆಲ್ ಮೇಲೆ ನೆರಳು ಬರುತ್ತದೆ, ಬರಲಿ. ಆ ಮರದ ಹಣ್ಣನ್ನು ಮಾವನವರು ಮೆಚ್ಚಿ ತಿನ್ನುತ್ತಿದ್ದರು.

ಹಳೇ ಅಭ್ಯಾಸ, ಮಳೆ ಅಳೆಯುವ ಪುಸ್ತಕದಲ್ಲೇ ಪಕ್ಕಕ್ಕೆ ಗೆರೆ ಎಳೆದು ದಿನದ ಯೂನಿಟ್ ಬರೆದಿಡುತ್ತೇನೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಈ ಯಂತ್ರಕ್ಕೆ ನಾನು ಹತ್ತಕ್ಕೆ ಹತ್ತು ಕೊಡುತ್ತೇನೆ. ಫೆಬ್ರವರಿಯಲ್ಲಿ ದಿನಕ್ಕೆ 13 ಯೂನಿಟ್ ತಪ್ಪಿದ್ದಿಲ್ಲ. ಬೆಳಗ್ಗೆ ಹನ್ನೊಂದಕ್ಕೆಲ್ಲ ಬ್ಯಾಟರಿ ತುಂಬಿ, ನೀರಿನ ಪಂಪು, ಮಿಕ್ಸಿ, ಫ್ರಿಜ್, ಅತ್ತೆಯ ಯಂತ್ರ ಎಲ್ಲ ಬಿಸಿಲಿನಲ್ಲೇ ಓಡುತ್ತಿದ್ದವು. ಅತ್ತೆಯ ಯಂತ್ರವೊಂದನ್ನೇ ಆದರೆ ತುಂಬಿದ ಬ್ಯಾಟರಿ 15 ಗಂಟೆ ಎಳೆಯುತ್ತದೆ. ಗಡಿಯಾರ ಹಿಡಿದು ನೋಡಿದ್ದೇನೆ.

ಕಳೆದ ವರ್ಷ ಮಳೆ ಬೇಗ ಬಂತು. 2025ರ ಮೇ 24ಕ್ಕೆ ಕೇರಳ ಮುಟ್ಟಿದ್ದು ಎರಡು ದಿನದಲ್ಲಿ ನಮ್ಮಲ್ಲೂ ಹಿಡಿಯಿತು. ಅಲ್ಲಿಂದ ಪುಸ್ತಕದ ಅಂಕಿಗಳು ಬೇರೆಯೇ ಆಗಿಬಿಟ್ಟವು. ಜೂನ್‌ನಲ್ಲಿ 3, 2.5, 4. ಜುಲೈನಲ್ಲಿ ಹೆಚ್ಚಿನ ದಿನ 2 ಯೂನಿಟ್. ಮೋಡ ಮನೆಯೊಳಗೇ ಬಂದು ಕೂತ ಎರಡು ದಿನ 0.8. ಇದರಲ್ಲಿ ಇನ್ವರ್ಟರ್ ತನ್ನ ಹೊಟ್ಟೆಗೇ ದಿನಕ್ಕೆ ಹತ್ತಿರ ಹತ್ತಿರ ಒಂದು ಯೂನಿಟ್ ತಿನ್ನುತ್ತದೆ. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ, ಕೇಳಿ ತಿಳಿದುಕೊಳ್ಳಿ. ಅತ್ತೆಯ ಯಂತ್ರಕ್ಕೆ ದಿನಕ್ಕೆ 7.2 ಯೂನಿಟ್ ಬೇಕು. ಬರುವುದು ಒಂದು, ಹೋಗುವುದು ಏಳು. ಯಾವತ್ತು ಕತ್ತಲಾಗುತ್ತದೋ ಅವತ್ತೇ ಬಿಸಿಲೂ ಇಲ್ಲ. ಕೊಡಗಿನಲ್ಲಿ ಸೋಲಾರ್ ಕೊಳ್ಳುವವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು. ನಮಗೆ ಅದು ಬೇಕಾಗುವ ತಿಂಗಳಲ್ಲೇ ಅದು ಇರುವುದಿಲ್ಲ.

ಈ ಅಂಕಿಗಳನ್ನು ಮುಂದಿಟ್ಟುಕೊಂಡೇ ತಮ್ಮನ ಜತೆ ವಾದಕ್ಕೆ ಕೂತದ್ದು. ಅವನು 1997ರಲ್ಲಿ ಕೈಗಾಗೆ ಸೇರಿದಾಗ ಮನೆಯಲ್ಲಿ ಅಮ್ಮ ಅತ್ತಿದ್ದಳು. ಅದಕ್ಕೆ ಮೂರು ವರ್ಷ ಮುಂಚೆ, 1994ರಲ್ಲಿ, ಕಟ್ಟುತ್ತಿದ್ದ ಗುಮ್ಮಟದ ಒಳಭಾಗ ಕಳಚಿ ಬಿದ್ದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಶಿವರಾಮ ಕಾರಂತರಂಥ ಹಿರಿಯರೇ ಕೈಗಾ ಬೇಡವೆಂದು ಹೋರಾಡಿದ್ದರು. ನಾನೂ ಬೇಡ ಅನ್ನುವವರ ಕಡೆಯೇ ಇದ್ದೆ. ಬೋರ್ಡಿನ ಮೇಲೆ ಯುರೇನಿಯಂ ಒಡೆಯುವ ಚಿತ್ರ ಬರೆಯುವಾಗಲೆಲ್ಲ ತಮ್ಮ ಅದರ ಪಕ್ಕದಲ್ಲಿ ನಿಂತಿದ್ದಾನೆ ಅನ್ನಿಸಿ ಕೈ ತಡೆಯುತ್ತಿತ್ತು.

ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕ, ಒಟ್ಟು 880. ಮೊದಲ ಎರಡು 2000ದಲ್ಲಿ ವಿದ್ಯುತ್ ಮಾರಾಟಕ್ಕೆ ತೊಡಗಿದವು, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ. ಮೊದಲನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿತು. ಆಗ ಅದು ಜಗತ್ತಿನ ದಾಖಲೆ, ಆಮೇಲೆ ಕೆನಡಾದ ಡಾರ್ಲಿಂಗ್ಟನ್‌ನ ಘಟಕವೊಂದು ಅದನ್ನು ಮುರಿಯಿತು. ಈ ಬಗೆಯ ಭಾರಜಲದ ರಿಯಾಕ್ಟರಿನಲ್ಲಿ ಓಡುತ್ತಿರುವಾಗಲೇ ಇಂಧನ ಬದಲಾಯಿಸಬಹುದು, ಅದಕ್ಕೇ ಅಷ್ಟು ದಿನ ಸಾಧ್ಯವಾದದ್ದು ಎಂದು ತಮ್ಮ ವಿವರಿಸಿದ. "ಆ 962 ದಿನದಲ್ಲಿ ಮೂರು ಮಳೆಗಾಲ ಇತ್ತು ಅಕ್ಕಾ. 2018ರ ಆಗಸ್ಟ್‌ನಲ್ಲಿ ನಿಮ್ಮ ಮಾದಾಪುರದ ಕಡೆ ಗುಡ್ಡ ಜಾರಿದಾಗಲೂ ಓಡುತ್ತಿತ್ತು."

ನಾನು ಕಾಗದ ತೆಗೆದುಕೊಂಡೆ. ನಾಲ್ಕೂ ಘಟಕ ಪೂರ್ತಿ ಓಡಿದರೆ ದಿನಕ್ಕೆ 2 ಕೋಟಿ 11 ಲಕ್ಷ ಯೂನಿಟ್. ನಮ್ಮ ಗೋಡೌನಿನ ಮಾಡು ಫೆಬ್ರವರಿಯಲ್ಲಿ ಕೊಡುವ 13ರಿಂದ ಭಾಗಿಸಿದರೆ ಅಂಥ 16 ಲಕ್ಷ ಮಾಡು ಬೇಕು. ಜುಲೈನ 2ರಿಂದ ಭಾಗಿಸಿದರೆ ಒಂದು ಕೋಟಿಗೂ ಮೇಲೆ. ಬಯಲುಸೀಮೆಯ ಮಾಡುಗಳು ಜುಲೈನಲ್ಲಿ ನಮ್ಮಷ್ಟು ಸೊರಗುವುದಿಲ್ಲ, ಅದು ನನಗೂ ಗೊತ್ತು. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ. ಮಳೆಯಿಲ್ಲದೆ ಗುಳೆ ಹೋಗುತ್ತಿದ್ದ ಊರಿನ ರೈತರು ಜಮೀನು ಮಾರದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟು ಅದನ್ನು ಆಗುಮಾಡಿದರು. ಮಳೆಗಾಲದಲ್ಲಿ ಗದಗ, ಚಿತ್ರದುರ್ಗದ ಗಾಳಿಯಂತ್ರಗಳು ಭರ್ತಿ ತಿರುಗುತ್ತವೆ. ಶರಾವತಿ ತುಂಬುತ್ತದೆ. ಹಾಗಾಗಿ ರಾಜ್ಯಕ್ಕೆ ಜುಲೈ ಅಷ್ಟು ಕಷ್ಟದ ತಿಂಗಳಲ್ಲ, ನಮ್ಮ ಮನೆಗೆ ಮಾತ್ರ ಕಷ್ಟ. ರಾಜ್ಯಕ್ಕೆ ಕಷ್ಟ ಬರುವುದು ಮಾರ್ಚ್, ಏಪ್ರಿಲ್‌ನ ರಾತ್ರಿಗಳಲ್ಲಿ. ಗಾಳಿ ಬಿದ್ದಿರುತ್ತದೆ, ಜಲಾಶಯದ ನೀರನ್ನು ಕುಡಿಯಲಿಕ್ಕೆಂದು ಹಿಡಿದಿಟ್ಟಿರುತ್ತಾರೆ, ಸೂರ್ಯ ಮುಳುಗಿರುತ್ತಾನೆ. 2023ರಲ್ಲಿ ಮಳೆ ಕೈಕೊಟ್ಟು ಅಕ್ಟೋಬರ್‌ನಲ್ಲೇ ಪಂಪ್‌ಸೆಟ್ಟಿನವರು ರಸ್ತೆಗಿಳಿದದ್ದು ನೆನಪಿರಬಹುದು. ಅಂಥ ರಾತ್ರಿ ಕೈಗಾ ನಿಲ್ಲಿಸಿದರೆ ಅದರ ಜಾಗ ತುಂಬುವುದು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು. ಈ ಹವಾಮಾನದಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಒಂದು ವರ್ಷ ಬಂದು ಇನ್ನೊಂದು ವರ್ಷ ಬಾರದೆ ಕಾಫಿಯವರು ಕಂಗಾಲಾಗಿರುವ ಹೊತ್ತಿನಲ್ಲಿ, ಅದನ್ನು ನಾನು ಬಯಸಲಾರೆ.

ವಿದ್ಯಾರ್ಥಿ ಜರ್ಮನಿಯ ಮಾತೆತ್ತಿದ್ದ. 2023ರ ಏಪ್ರಿಲ್ 15ರಂದು ಅವರು ಕೊನೆಯ ಮೂರು ರಿಯಾಕ್ಟರ್‌ಗಳನ್ನು ಮುಚ್ಚಿದರು, ನಿಜ. ಅವರಿಗೆ ಸುತ್ತಲಿನ ದೇಶಗಳ ತಂತಿಗಳ ಆಸರೆ ಇದೆ, ಆದರೂ ಕಲ್ಲಿದ್ದಲನ್ನು ಪೂರ್ತಿ ಬಿಟ್ಟಿಲ್ಲ. ಅಣು ಮೊದಲು, ಕಲ್ಲಿದ್ದಲು ಆಮೇಲೆ ಎಂಬ ಆ ಸರದಿ ನನಗೆ ತಲೆಕೆಳಗಾಗಿ ಕಾಣುತ್ತದೆ.

ತಮ್ಮನಿಗೆ ಇಷ್ಟರಿಂದಲೇ ಗೆದ್ದೆ ಅನ್ನಿಸಬಾರದು. ಫುಕುಶಿಮಾದಲ್ಲಿ ಆದದ್ದು ಏನು? ಭೂಕಂಪಕ್ಕೆ ರಿಯಾಕ್ಟರ್‌ಗಳು ಸರಿಯಾಗಿಯೇ ನಿಂತವು. ನಿಂತ ಮೇಲೂ ಒಳಗಿನ ಶಾಖ ಕೂಡಲೇ ಆರುವುದಿಲ್ಲ, ನೀರು ಹರಿಸುತ್ತಲೇ ಇರಬೇಕು. ನೀರಿಗೆ ಪಂಪು, ಪಂಪಿಗೆ ಕರೆಂಟು. ಹೊರಗಿನ ಲೈನ್ ಭೂಕಂಪಕ್ಕೆ ಹೋಯಿತು, ಡೀಸೆಲ್ ಜನರೇಟರ್‌ಗಳನ್ನು ಸುನಾಮಿ ಮುಳುಗಿಸಿತು. 2011ರ ಮಾರ್ಚ್ 11ರ ಆ ರಾತ್ರಿ ಅಲ್ಲಿ ಇದ್ದದ್ದು ಕರೆಂಟು ಹೋದ ಮನೆಯ ಸ್ಥಿತಿಯೇ. ಸಿಲಿಂಡರ್ ಮಡಿಲಲ್ಲಿಟ್ಟುಕೊಂಡು ಜೀಪಿನಲ್ಲಿ ಕೂತಿದ್ದವಳಿಗೆ ಇದು ಪುಸ್ತಕದ ಪಾಠವಾಗಿ ಉಳಿದಿಲ್ಲ. ಕೈಗಾ ಸಮುದ್ರದ ದಂಡೆಯಲ್ಲಿಲ್ಲ, ಕದ್ರಾ ಜಲಾಶಯದ ನೀರು ಬಳಸುತ್ತದೆ, ಸುನಾಮಿಯ ಭಯವಿಲ್ಲ ಎಂದು ತಮ್ಮ ಅಂದ. ಆದರೆ ಅದೂ ನಮ್ಮದೇ ಘಟ್ಟಸಾಲು, ನಮ್ಮದೇ ಮಳೆ, ನದಿಯ ಮೇಲುಗಡೆ ಅಣೆಕಟ್ಟುಗಳಿವೆ. 2009ರಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರಿಟಿಯಂ ಸೇರಿದ್ದೂ ನಡೆದ ಸಂಗತಿಯೇ, ಯಂತ್ರ ಎಷ್ಟೇ ಭದ್ರವಾಗಿದ್ದರೂ ಮನುಷ್ಯರ ಕೈ ಅಲ್ಲಿ ಇದ್ದೇ ಇರುತ್ತದೆ. ಉರಿದ ಇಂಧನದಲ್ಲಿ ಉಳಿಯುವ ಪ್ಲುಟೋನಿಯಂ ಅರ್ಧಕ್ಕಿಳಿಯಲು 24,000 ವರ್ಷ ಬೇಕು. ಈ ಒಂದು ವಿಷಯದಲ್ಲಿ ತಮ್ಮನ ಯಾವ ಉತ್ತರವೂ ನನಗೆ ಸಮಾಧಾನ ತಂದಿಲ್ಲ. ಅವನಿಗೂ ಹಾಗೆ ಹೇಳಿದ್ದೇನೆ.

ಇನ್ನೊಂದು ಸಂಗತಿಯಿದೆ, ಇದು ಕೊಡಗಿನವರಿಗೇ ಸೇರಿದ್ದು. ನಾದಿನಿಯನ್ನು ಕೊಟ್ಟಿರುವುದು ದಕ್ಷಿಣ ಕೊಡಗಿಗೆ. ಮೈಸೂರಿನಿಂದ ಕೋಝಿಕ್ಕೋಡಿಗೆ ಹೋಗುವ 400 ಕೆ.ವಿ. ಮಾರ್ಗ ಅವರ ತೋಟದ ಮೇಲೇ ಹಾದಿದೆ. ಆ ಮಾರ್ಗ ಮಂಜೂರಾದದ್ದು ಕೈಗಾದ 3 ಮತ್ತು 4ನೇ ಘಟಕಗಳ ವಿದ್ಯುತ್ ಸಾಗಣೆಯ ಯೋಜನೆಯಲ್ಲಿ. 2014-15ರಲ್ಲಿ ಅದಕ್ಕಾಗಿ ಕೊಡಗಿನ ಕಾಡು ತೋಟಗಳಲ್ಲಿ ಸಾವಿರಾರು ಮರ ಉರುಳಿದವು. ನಾದಿನಿಯ ತೋಟದಲ್ಲಿ ಹೋದದ್ದು ಹದಿನೇಳು: ಎರಡು ಬೀಟೆ, ಒಂದು ಹೆಬ್ಬಲಸು, ಮಿಕ್ಕವು ಸಿಲ್ವರ್ ಓಕ್, ಅವುಗಳ ಮೇಲೆ ಹಬ್ಬಿದ್ದ ಮೆಣಸಿನ ಬಳ್ಳಿಗಳ ಸಮೇತ. ಸಿಕ್ಕ ಪರಿಹಾರ ಬಳ್ಳಿಯ ಎರಡು ವರ್ಷದ ಫಸಲಿಗೂ ಸಮ ಆಗಲಿಲ್ಲ. ಮಳೆಗಾಲದಲ್ಲಿ ಅವರ ಮನೆಯಲ್ಲಿ ಮೂರು ದಿನ ಕತ್ತಲಿರುತ್ತದೆ, ಮೇಲಿನ ಆ ದಪ್ಪ ತಂತಿ ಮಾತ್ರ ರಾತ್ರಿಯಿಡೀ ಗುಂಯ್‌ಗುಡುತ್ತದೆ. "ಅತ್ತಿಗೆ, ಅದರ ಸದ್ದು ಕೇಳಿಕೊಂಡು ಮೇಣದಬತ್ತಿ ಹಚ್ಚೋದು" ಎಂದು ಅವಳು ಒಮ್ಮೆ ಅಂದಿದ್ದಳು. ಅಣು ವಿದ್ಯುತ್ ಅಗ್ಗವೋ ದುಬಾರಿಯೋ ಎಂದು ಲೆಕ್ಕ ಹಾಕುವವರು ಈ ಹದಿನೇಳು ಮರಗಳನ್ನೂ ಲೆಕ್ಕಕ್ಕೆ ಸೇರಿಸಲಿ. ಪಾವಗಡದ ಸೋಲಾರಿಗೂ ತಂತಿ ಬೇಕು, ಅದಕ್ಕೂ ಇದೇ ಮಾತು.

ಈಗ ತೊರೆಗೆ ಬರುತ್ತೇನೆ. ಇಡೀ ಖರ್ಚಿನಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದೇ.

ಜೂನ್ ಮೊದಲ ವಾರ, ಸೋಲಾರಿನ ಅಂಕಿ ನೋಡಿ ಸೋತು ಹಿತ್ತಿಲಿನಲ್ಲಿ ನಿಂತಿದ್ದೆ. ಹಿಂದೆ ತೊರೆ ಭೋರೆನ್ನುತ್ತಿತ್ತು. ಯಾವ ಮಳೆ ನಮ್ಮ ಬಿಸಿಲನ್ನು ಕಸಿದುಕೊಂಡಿತ್ತೋ ಅದೇ ಮಳೆ ಅಲ್ಲಿ ಹರಿಯುತ್ತಿತ್ತು. ಕಾವೇರಿಯ ನೀರಿನಿಂದ ಶಿವನಸಮುದ್ರದಲ್ಲಿ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು 1902ರಲ್ಲಿ. ಆ ಕಾವೇರಿ ಹುಟ್ಟುವ ಜಿಲ್ಲೆಯವಳು ನಾನು, ಇದನ್ನು ವರ್ಷವರ್ಷ ಮಕ್ಕಳಿಗೆ ಪಾಠ ಮಾಡಿದವಳು, ಸ್ವಂತ ಹಿತ್ತಿಲಿನ ತೊರೆಯನ್ನು ಮಾತ್ರ ಬರೀ ಪಾತ್ರೆ ತೊಳೆಯುವ ನೀರಾಗಿ ನೋಡಿದ್ದೆ. ಮಲೆನಾಡಿನ ಹಲವು ತೋಟದ ಮನೆಗಳಲ್ಲಿ ಇಂಥ ಟರ್ಬೈನ್‌ಗಳು ವರ್ಷಗಳಿಂದ ಓಡುತ್ತಿವೆ.

ಅಳತೆ ನಾನೇ ಮಾಡಿದೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದೆವು, 18 ಮೀಟರ್ ಇಳಿಜಾರು ಸಿಕ್ಕಿತು. 20 ಲೀಟರಿನ ಡಬ್ಬ ಎರಡೂವರೆ ಸೆಕೆಂಡಿಗೆ ತುಂಬಿತು, ಅಂದರೆ ಸೆಕೆಂಡಿಗೆ 8 ಲೀಟರ್. 8ನ್ನು 18ರಿಂದ ಗುಣಿಸಿ, 9.8ರಿಂದ ಗುಣಿಸಿದರೆ 1,411 ವ್ಯಾಟ್. ಇಷ್ಟು ಸಣ್ಣ ಯಂತ್ರದಲ್ಲಿ ಅರ್ಧ ಕೈಗೆ ಬಂದರೆ ಪುಣ್ಯ. 700 ವ್ಯಾಟ್ ಬರಬೇಕು ಅಂದುಕೊಂಡೆ, ಬಂದದ್ದು 680. ಕೇಳಲು ಸಣ್ಣದು. ಆದರೆ ಇದು ಹಗಲು ರಾತ್ರಿ ಬರುತ್ತದೆ, ದಿನಕ್ಕೆ 16 ಯೂನಿಟ್. ಜುಲೈನಲ್ಲಿ ಗೋಡೌನಿನ ಮೇಲಿನ ಆರೂ ಪ್ಯಾನೆಲ್ ಕೊಡುವುದರ ಎಂಟು ಪಾಲು.

ಕೆಲಸ ಸರಳ. ಮೇಲೆ ಕಲ್ಲು ಸಿಮೆಂಟಿನ ಪುಟ್ಟ ಕಟ್ಟೆ, ಬಾಯಿಗೆ ಜಾಲರಿ, ಅಲ್ಲಿಂದ ನಾಲ್ಕಿಂಚಿನ ಪೈಪು 90 ಮೀಟರ್, ಕೆಳಗೆ ಟರ್ಬೈನ್, ತಿರುಗಿಸಿದ ನೀರು ಮತ್ತೆ ತೊರೆಗೇ. ಮನೆಯಲ್ಲಿ ಇದಕ್ಕೆ ಬೇರೆಯೇ ವೈರಿಂಗ್, ನಡುವೆ ಚೇಂಜೋವರ್ ಸ್ವಿಚ್. ಅತ್ತೆಯ ಕೋಣೆ ಮತ್ತು ದೀಪಗಳು ತೊರೆಯ ಕರೆಂಟಿನಲ್ಲಿ, ಫ್ರಿಜ್ಜೂ ಪಂಪೂ ಬ್ಯಾಟರಿಯಲ್ಲಿ. ಬಳಸದೆ ಉಳಿದ ಕರೆಂಟನ್ನು ಕಂಟ್ರೋಲರ್ ಒಂದು ಹೀಟರ್ ಕಾಯಿಲ್‌ಗೆ ಕಳಿಸುತ್ತದೆ, ಇಲ್ಲದಿದ್ದರೆ ಯಂತ್ರ ಹುಚ್ಚುಹುಚ್ಚಾಗಿ ತಿರುಗಿ ಬಲ್ಬು ಸುಟ್ಟುಹಾಕುತ್ತದೆ. ಆ ಕಾಯಿಲನ್ನು ನೀರಿನ ಡ್ರಮ್ಮಿಗೆ ಇಳಿಸಿದ್ದೇವೆ. ಜುಲೈ ಆಗಸ್ಟ್‌ನಲ್ಲಿ ಒದ್ದೆ ಸೌದೆ ಊದುವ ಕೆಲಸ ತಪ್ಪಿತು. ಬೆಳಗ್ಗೆ ಐದಕ್ಕೇ ಬಿಸಿನೀರು ಕಾದಿರುತ್ತದೆ.

ತೊಂದರೆಗಳನ್ನೂ ಹೇಳಬೇಕು. ಜಾಲರಿಗೆ ಎಲೆ ಕಟ್ಟುತ್ತದೆ. ದಿನಕ್ಕೆ ಎರಡು ಸಲ, ಜೋರು ಗಾಳಿಯಿದ್ದರೆ ಮೂರು ಸಲ ಮೇಲೆ ಹತ್ತಿ ಬಿಡಿಸಬೇಕು. ರಾತ್ರಿ ಎರಡಕ್ಕೆ ದೀಪ ಮಂಕಾದರೆ ಯಜಮಾನರು ಟಾರ್ಚ್ ಹಿಡಿದು ಎದ್ದು ಹೋಗುತ್ತಾರೆ, 66ರ ವಯಸ್ಸಿನಲ್ಲಿ, ಜಾರುವ ಕಲ್ಲಿನ ಮೇಲೆ. ಅವರು ಬರುವವರೆಗೆ ನಾನು ಬಾಗಿಲಲ್ಲೇ ನಿಂತಿರುತ್ತೇನೆ. ಆಗಸ್ಟ್‌ನಲ್ಲಿ ಕಂಟ್ರೋಲರ್ ಒಮ್ಮೆ ಕೆಟ್ಟಿತು. ಮಾರಿದವರು "ನಾಳೆ ಕಳಿಸುತ್ತೇವೆ" ಎಂದು ಹೇಳುತ್ತ ಹನ್ನೊಂದು ದಿನ ಮಾಡಿದರು. ಅಷ್ಟು ದಿನ ನನ್ನ ಎದೆ ಢವಢವ. ಪುಣ್ಯಕ್ಕೆ ಆ ವಾರ ಲೈನ್ ಕರೆಂಟು ಹೋಗಲಿಲ್ಲ. ಈಗ ಒಂದು ಹೆಚ್ಚಿನ ಕಂಟ್ರೋಲರ್ ತಂದಿಟ್ಟುಕೊಂಡಿದ್ದೇನೆ, ನೀವೂ ಕೊಳ್ಳುವಾಗಲೇ ಎರಡು ಕೊಳ್ಳಿ. ಸೋಲಾರಿನಲ್ಲಿ ಕಂಡ ದೋಷ ಕಡಿಮೆ: ಮಳೆಗಾಲದ ಕೊನೆಗೆ ಪ್ಯಾನೆಲ್ಲಿನ ಕೆಳ ಅಂಚಿನಲ್ಲಿ ಪಾಚಿ ಹಿಡಿಯುತ್ತದೆ, ಮೆತ್ತನೆ ಬಟ್ಟೆಯಿಂದ ಒರೆಸಬೇಕು. ಏಪ್ರಿಲ್‌ನ ಗುಡುಗಿಗೆ ಸಿಡಿಲು ತಡೆ ಮತ್ತು ಒಳ್ಳೆಯ ಅರ್ಥಿಂಗ್ ಇಲ್ಲದೆ ಹಾಕಿಸಲೇಬೇಡಿ. ಸಿಡಿಲಿನ ಹೊಡೆತ ತಡೆಯುವ ನಮ್ಮ ಸರ್ಜ್ ಡಿವೈಸ್ ಒಂದು ತಾನು ಸುಟ್ಟು ಇನ್ವರ್ಟರನ್ನು ಉಳಿಸಿತು.

ಹಾಗಾದರೆ ಯಾರು ಕೊಳ್ಳಬೇಕು? ಮನೆಯಲ್ಲಿ ಯಂತ್ರದ ಮೇಲೆ ಉಸಿರಾಡುವವರು, ಇನ್ಸುಲಿನ್ ಫ್ರಿಜ್ಜಿನಲ್ಲಿಡುವವರು, ಮಳೆಗಾಲದಲ್ಲಿ ಒಂಟಿಯಾಗಿರುವ ವಯಸ್ಸಾದವರು ಇದ್ದರೆ ಬ್ಯಾಟರಿ ಸಹಿತ ಸೋಲಾರ್ ಕೊಳ್ಳಿ, ಹಿತ್ತಿಲಲ್ಲಿ ತೊರೆಯಿದ್ದರೆ ಮೊದಲು ಟರ್ಬೈನ್ ಕೊಳ್ಳಿ. ಪೇಟೆಯೊಳಗಿದ್ದು ಕರೆಂಟು ಗಂಟೆಗಟ್ಟಲೆ ಹೋಗದಿದ್ದರೆ ಬ್ಯಾಟರಿಗೆ ದುಡ್ಡು ಹಾಕಬೇಡಿ. ಸೋಲಾರಿಗೆ 5ರಲ್ಲಿ 3, ಟರ್ಬೈನಿಗೆ 4. ಕಂಟ್ರೋಲರ್ ಮಾರಿದವರ ಸೇವೆಗೆ 1.

ಕೈಗಾ ಮುಚ್ಚಬಹುದಲ್ವಾ ಎಂದು ಕೇಳಿದವನಿಗೆ: ಓಡುತ್ತಿರುವ ನಾಲ್ಕು ಘಟಕಗಳನ್ನು, ಅವುಗಳ ಆಯಸ್ಸು ಇರುವಷ್ಟು ದಿನ, ಬಿಗಿಯಾದ ತಪಾಸಣೆಯಲ್ಲಿ ಓಡಿಸಬೇಕು. ರಾಯಚೂರಿನ ಬೂದಿ ಅದಕ್ಕಿಂತ ಮೊದಲು ನಿಲ್ಲಲಿ. ಆದರೆ ಅಲ್ಲೇ 700 ಮೆಗಾವ್ಯಾಟ್‌ನ ಇನ್ನೂ ಎರಡು ಘಟಕ ಬರಲಿವೆ, 2047ಕ್ಕೆ ದೇಶದಲ್ಲಿ 100 ಗಿಗಾವ್ಯಾಟ್ ಅಣು ವಿದ್ಯುತ್ ಎಂದು 2025ರ ಬಜೆಟ್ಟಿನಲ್ಲಿ ಹೇಳಿದ್ದಾರೆ. ಅದಕ್ಕೆಂದು ಇನ್ನೊಂದು ದಪ್ಪ ತಂತಿ ನಮ್ಮ ಘಟ್ಟಗಳ ಮೇಲೆ ಹಾಯುವ ಮೊದಲು, ಈ ಕಾಡುದಾರಿಗಳ ಸಣ್ಣ ತಂತಿಗೆ ಹೊದಿಕೆ ಹಾಕಿ, ಅಥವಾ ನೆಲದಡಿಗೆ ಇಳಿಸಿ ಎಂದು ಕೇಳುವ ಹಕ್ಕು ನಮಗಿದೆ. ನಾನು ಗ್ರಾಮಸಭೆಯಲ್ಲಿ ಎರಡು ಸಲ ಎದ್ದು ನಿಂತು ಕೇಳಿದ್ದೇನೆ. ಮುಂದಿನ ಸಭೆಗೂ ಹೋಗುತ್ತೇನೆ, ಮಳೆ ಪುಸ್ತಕ ಹಿಡಿದುಕೊಂಡು.

ತಮ್ಮನಿಗೆ: ನಿನ್ನ 962 ದಿನಕ್ಕೆ ನನಗೆ ಹೆಮ್ಮೆಯಿದೆ. ಕಳೆದ ಜುಲೈನಲ್ಲಿ ಹಳ್ಳದ ಕಂಬ ಮತ್ತೆ ಬಿತ್ತು, ನಾಲ್ಕು ದಿನ. ಅತ್ತೆ ಈ ಸಲ ಮನೆ ಬಿಟ್ಟು ಹೋಗಲಿಲ್ಲ. ಎರಡನೇ ರಾತ್ರಿ ಯಂತ್ರದ ಸದ್ದು ಕೇಳುತ್ತ ಮಲಗಿದ್ದವರು ನನ್ನನ್ನು ಕರೆದು, "ಇದು ನಮ್ಮ ತೊರೆಯದ್ದೇನೇ?" ಎಂದು ಕೇಳಿದರು. ಹೌದು ಅಂದೆ. ಕಿಟಕಿ ಸ್ವಲ್ಪ ತೆರೆ, ಅದೂ ಕೇಳಲಿ ಅಂದರು.

ಇದೀಗ ಜನವರಿ. ತೊರೆ ಸೆಕೆಂಡಿಗೆ ಎರಡು ಲೀಟರಿಗೆ ಇಳಿದಿದೆ. ಮೊನ್ನೆ ಟರ್ಬೈನ್ ಬಿಚ್ಚಿ, ಬೇರಿಂಗಿಗೆ ಗ್ರೀಸ್ ಹಾಕಿ, ಗೋಣಿಯಲ್ಲಿ ಸುತ್ತಿ ಕಾಫಿ ಮೂಟೆಗಳ ಪಕ್ಕ ಇಟ್ಟಿದ್ದೇವೆ. ಬ್ಯಾಟರಿ ಇವತ್ತು ಹತ್ತೂ ಮುಕ್ಕಾಲಿಗೇ ತುಂಬಿತು.